ನೆಟ್ಟಾಳ ಹಲ್ಲು, ಆಶ್‌ಬೆಕ್‌ನ ನೀರು

ಡನೀಡನ್
9 ಮಾರ್ಚ್ 1958, ಭಾನುವಾರ

ವಾಟಿ,

ಕ್ಷೇಮ ಸಮಾಚಾರ ಆಮೇಲೆ ವಿಚಾರಿಸುತ್ತೇನೆ. ಮೊದಲು ನಿನ್ನನ್ನು ಬೈಯಬೇಕು.

ನಿನ್ನೆ ನಿನ್ನ ಲಕೋಟೆ ಬಂತು. ನೆಟ್ಟಾಳಿಗೆ ಮದುವೆ ಗೊತ್ತಾಗಿದೆ, ಸೆಪ್ಟೆಂಬರ್ ಇಪ್ಪತ್ತಕ್ಕೆ, ಹುಡುಗ ರೈಲ್ವೆಯಲ್ಲಿರುವ ಗ್ಯಾವಿನ್ ಟಲ್ಲಕ್ ಎಂದು ಓದಿ ಇದ್ದಲ್ಲೇ ಕುಣಿದುಬಿಟ್ಟೆ. ಆ ಖುಷಿ ಹಾಳೆ ಮಗುಚುವವರೆಗೆ ಮಾತ್ರ. ಹಿಂದಿನ ಪುಟದಲ್ಲಿ ದೊಡ್ಡ ದಾನಿಯ ಹಾಗೆ ಬರೆದಿದ್ದೀಯ: 'ನಮ್ಮ ಕಡೆಯಿಂದ ಉಡುಗೊರೆ, ಎಲ್ಲ ತಂದೆಯರೂ ಕೊಡುವ ಹಾಗೆ, ಪೂರ್ತಿ ಹಲ್ಲು ಸೆಟ್. ಜುಲೈನಲ್ಲಿ ಇರುವ ಹಲ್ಲನ್ನೆಲ್ಲ ಕೀಳಿಸಿಬಿಟ್ಟರೆ ಮದುವೆ ಹೊತ್ತಿಗೆ ಒಸಡು ಮಾಗಿರುತ್ತದೆ.'

ಅವಳಿಗೆ ಇಪ್ಪತ್ತು ವರ್ಷ ಕಣೋ, ಪುಣ್ಯಾತ್ಮ! ಹೋದ ಕ್ರಿಸ್‌ಮಸ್‌ಗೆ ನಾನೇ ಅವಳ ಬಾಯಿ ತೆಗೆಸಿ ನೋಡಿದ್ದೇನೆ. ಎರಡೋ ಮೂರೋ ಹುಳುಕಾಗಿವೆ, ಒಂದು ದವಡೆ ಹಲ್ಲು ಸ್ವಲ್ಪ ಮೋಸ. ಉಳಿದದ್ದೆಲ್ಲ ಗಟ್ಟಿಮುಟ್ಟಾಗಿದೆ. ಅದನ್ನೆಲ್ಲ ಕಿತ್ತು ಬಕೆಟ್ಟಿಗೆ ಹಾಕಿ, ಅದರ ಜಾಗದಲ್ಲಿ ಗುಲಾಬಿ ಬಣ್ಣದ ರಬ್ಬರಿಗೆ ಚುಚ್ಚಿದ ಹಲ್ಲು ಕೂರಿಸಿ, ಅದಕ್ಕೆ ಉಡುಗೊರೆ ಅಂತ ಬೇರೆ ಹೆಸರು. ಕಾರಣ ನನಗೆ ಗೊತ್ತು. ಗಂಡನಾಗುವವನಿಗೆ ಮುಂದೆ ಹಲ್ಲಿನ ಡಾಕ್ಟರ ಖರ್ಚು ಬೀಳಬಾರದು, ಹುಡುಗಿಯನ್ನು 'ಎಲ್ಲ ಮುಗಿಸಿ' ಕಳಿಸಬೇಕು. ನಮ್ಮಪ್ಪ ನನಗೆ ಇಪ್ಪತ್ತೊಂದು ತುಂಬಿದಾಗ ಇದೇ ಉಡುಗೊರೆ ಹಿಡಿದುಕೊಂಡು ಬಂದಿದ್ದರು. 'ಬಾಯಿಗೆ ಕೈ ಹಾಕಿದ್ರೆ ಕಚ್ತೀನಿ' ಅಂದೆ. ಮೂರು ವರ್ಷದ ಮೇಲೆ ನಿನ್ನ ಸರದಿ ಬಂತು. ನೀನು ಒಳ್ಳೆಯ ಮಗ, ಬಾಯಿ ತೆರೆದುಕೊಂಡು ಕೂತೆ.

ಇದಿಷ್ಟೇ ಆಗಿದ್ದರೆ ಅರ್ಧ ದಿನ ತಲೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದೆ. ಲಕೋಟೆಯಲ್ಲಿ ಪೇಪರಿನ ತುಂಡೊಂದನ್ನೂ ಇಟ್ಟಿದ್ದೀಯಲ್ಲ! ಹಲ್ಲು ಹುಳುಕಾಗದಿರಲೆಂದು ಆಶ್‌ಬೆಕ್‌ನ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಬೇಕೋ ಬೇಡವೋ ಎಂದು ಊರಿನವರ ಮತ ಕೇಳುತ್ತಾರಂತೆ. ಬೇಡ ಎನ್ನುವವರ 'ನಮ್ಮ ನೀರು ಸಮಿತಿ'ಗೆ ಅಧ್ಯಕ್ಷರು ಯಾರಪ್ಪಾ ಅಂದರೆ ಪುರಸಭಾ ಸದಸ್ಯರೂ ಪ್ಲಂಬರರೂ ಆದ ಶ್ರೀಮಾನ್ ವಾಲ್ಟರ್ ಗಿಲ್ಲೀಸ್, ನನ್ನ ಒಡಹುಟ್ಟಿದವನು. 'ದೇವರು ಕೊಟ್ಟಿದ್ದರಲ್ಲಿ ಕೈಯಾಡಿಸುವ ಹಕ್ಕು ಯಾರಿಗೂ ಇಲ್ಲ' ಎಂದು ಹೇಳಿಕೆ ಬೇರೆ. ಮಗಳ ಬಾಯಲ್ಲಿ ಇರುವುದನ್ನು ಯಾರು ಕೊಟ್ಟದ್ದು, ಪುರಸಭೆಯೇ? ಫೋಟೋದಲ್ಲಿ ಸಮಿತಿಯವರೆಲ್ಲ ಸಾಲಾಗಿ ನಿಂತು ನಗುತ್ತಿದ್ದೀರಿ. ಒಬ್ಬರ ಬಾಯಲ್ಲಾದರೂ ಸ್ವಂತ ಹಲ್ಲು ಇದ್ದರೆ ತಿಳಿಸು.

ನೆಟ್ಟಾಳಿಗೆ ನನ್ನ ಮುತ್ತು. ನಿನ್ನ ಮನೆಯಾಕೆ ಎಲ್ಸ್‌ಪೆತ್‌ಗೆ ಪ್ರೀತಿ. ನಿನಗೆ ಏನೂ ಇಲ್ಲ.

ನಿನ್ನ ಅಕ್ಕ,
ರೋನಾ

———

ಆಶ್‌ಬೆಕ್
23 ಮಾರ್ಚ್ 1958

ಅಕ್ಕ,

ನಿನ್ನ ಕಾಗದ ಸೇರಿತು. ಲಕೋಟೆ ಸುಟ್ಟುಹೋಗದೆ ಹೇಗೆ ಇಲ್ಲಿವರೆಗೆ ಬಂತೋ ಗೊತ್ತಿಲ್ಲ.

ಶಾಲೆ ಮಕ್ಕಳ ಹಲ್ಲು ಕೊರೆಯುವ ನರ್ಸಮ್ಮ ನೀನು. ಸರ್ಕಾರದ ಸಂಬಳ, ಸರ್ಕಾರದ ಬಿಳಿ ಟೋಪಿ. ಸರ್ಕಾರ ಏನು ಹೇಳಿದರೂ ನಿನಗೆ ವೇದವಾಕ್ಯ. ಆದರೆ ಈ ಊರಿನ ನೀರಿನ ವಿಷಯ ನನಗೆ ಹೇಳಲು ಬರಬೇಡ. ಬೆಟ್ಟದ ಹೊಳೆಯಿಂದ ಈ ಊರಿನ ಪ್ರತಿ ಅಡುಗೆಮನೆಯವರೆಗೆ ಪೈಪು ಎಳೆದವನು ನಾನು. ಹಿಮ ಕರಗಿದ ನೀರು ಅದು, ಕನ್ನಡಿಯ ಹಾಗಿದೆ. ಅದಕ್ಕೆ ಗೊಬ್ಬರದ ಕಾರ್ಖಾನೆಯಿಂದ ತಂದ ಇಲಿಪಾಷಾಣ ಸುರಿಯುತ್ತೇವೆ, ಬಾಯಿ ಮುಚ್ಚಿಕೊಂಡು ಕುಡಿಯಿರಿ ಅಂದರೆ ಕುಡಿಯಬೇಕೇ? ಬೇಕಾದವರು ಮಾತ್ರೆ ನುಂಗಲಿ. ನನ್ನ ಚಹಾಕ್ಕೆ ನಾನು ಕೇಳದೆ ಯಾರೂ ಏನೂ ಹಾಕಕೂಡದು, ಸಕ್ಕರೆಯನ್ನೂ.

ನೆಟ್ಟಾಳ ವಿಷಯ ಬೇರೆ. ಅದು ಮನೆಯ ವಿಷಯ. ನನ್ನ ಹಲ್ಲು ಇಪ್ಪತ್ನಾಲ್ಕು ವರ್ಷದಿಂದ ಒಂದು ದಿನವೂ ನೋಯಲಿಲ್ಲ. ನಿನ್ನವು? ಹೋದ ವರ್ಷ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಬಂದಿದ್ದವಳು ಯಾರು? ಟಲ್ಲಕ್ ಮನೆಯವರು ಮರ್ಯಾದಸ್ಥರು. ಹುಳುಕು ಹಲ್ಲಿನ ಹುಡುಗಿಯನ್ನು ಕಟ್ಟಿದರು ಎಂದು ಅವರ ಕೈಲಿ ಅನ್ನಿಸಿಕೊಳ್ಳಲು ನಾನು ತಯಾರಿಲ್ಲ. ಗೊಣಗಬೇಡ. ಮದುವೆಗೆ ಟೋಪಿ ಹೊಲಿಸಿಕೋ.

ಎಲ್ಸ್‌ಪೆತ್ ನಿನ್ನ ಕ್ಷೇಮ ಕೇಳಿದಳು.

ನಿನ್ನ ತಮ್ಮ,
ವಾಟಿ

———

ಡನೀಡನ್
7 ಏಪ್ರಿಲ್ 1958, ಈಸ್ಟರ್ ಸೋಮವಾರ

ವಾಟಿ,

ರಜೆ ಎಂದು ಇಡೀ ಊರು ಸಮುದ್ರದ ದಂಡೆಗೆ ಹೋಗಿದೆ. ನಾನು ನಿನಗೆ ಬುದ್ಧಿ ಹೇಳುತ್ತಾ ಕೂತಿದ್ದೇನೆ, ನನ್ನ ಹಣೆಬರಹ.

ನಾಳೆ ಶಾಲೆ ತೆರೆಯುತ್ತದೆ. ಮೂರು ದಿನ ಚಾಕೊಲೇಟ್ ಮೊಟ್ಟೆ ತಿಂದ ಮಕ್ಕಳು ನನ್ನ ಕೋಣೆಯ ಮುಂದೆ ಸಾಲಾಗಿ ನಿಲ್ಲುತ್ತವೆ. ಆ ಕೋಣೆಗೆ ಅವು ಇಟ್ಟಿರುವ ಹೆಸರು ಕಸಾಯಿಖಾನೆ. ಬಾಗಿಲಲ್ಲಿ ನನ್ನ ಟೋಪಿ ಕಂಡರೆ ಸಾಕು, ದೊಡ್ಡ ಹುಡುಗರ ಮುಖವೂ ಬಿಳಿಚಿಕೊಳ್ಳುತ್ತದೆ. ಮೊನ್ನೆ ಆರು ವರ್ಷದ ಹುಡುಗಿಯೊಬ್ಬಳು ಕುರ್ಚಿ ಹತ್ತಿದಳು. ಒಂದೇ ಒಂದು ಹಲ್ಲೂ ನೆಟ್ಟಗಿರಲಿಲ್ಲ. ನಾನು ಕಾಲಲ್ಲಿ ತುಳಿದು ಡ್ರಿಲ್ ತಿರುಗಿಸುತ್ತಿದ್ದರೆ ಅವಳು ಅಳಲೂ ಇಲ್ಲ, ನನ್ನ ಏಪ್ರನ್ನಿನ ಅಂಚನ್ನು ಹಿಡಿದುಕೊಂಡು ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಹತ್ತಿಯ ಸುರುಳಿಗೆ ನೂಲು ಸುತ್ತಿ, ಕಣ್ಣು ಬರೆದು, ಜೇನುನೊಣ ಮಾಡಿ ಕೊಟ್ಟು ಕಳಿಸಿದೆ. ಮೂವತ್ತು ವರ್ಷದಿಂದ ಜೇನುನೊಣ ಮಾಡಿ ಕೊಡುತ್ತಿದ್ದೇನೆ ವಾಟಿ. ನನಗೆ ಸಾಕಾಗಿದೆ. ಈ ಕೆಲಸವೇ ಬೇಡವಾಗುವ ಕಾಲ ಬರಲಿ ಅನಿಸುತ್ತದೆ.

ಇಲಿಪಾಷಾಣ ಎಂದು ಬರೆದಿದ್ದೀಯ. ದಿನಾ ಬೆಳಿಗ್ಗೆ ಓಟ್ಸ್ ಗಂಜಿಗೆ ಉಪ್ಪು ಹಾಕಿಕೊಳ್ಳುತ್ತೀಯಲ್ಲ? ಒಂದು ಚಿಟಿಕೆ ಹಾಕಿದರೆ ಗಂಜಿ. ಒಂದು ಸೇರು ಹಾಕಿ ಉಂಡು ನೋಡು, ನಿನ್ನ ಸಮಿತಿಯವರೇ ಹೂ ತರುತ್ತಾರೆ. ಫ್ಲೋರೈಡೂ ಅಷ್ಟೇ. ಮಿತಿಮೀರಿದರೆ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ, ನಾನು ಇಲ್ಲವೆನ್ನುವುದಿಲ್ಲ. ನಿನ್ನ ಹೊಳೆಯ ನೀರಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಚಿಟಿಕೆಯಷ್ಟು ಸೇರಿಸಿದರೆ ಮಕ್ಕಳ ಹಲ್ಲು ಗಟ್ಟಿಯಾಗುತ್ತದೆ. ಇದನ್ನು ನಿನಗೆ ಎಷ್ಟು ಸಲ ಹೇಳಿದೆ? ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಈಗ ಒಂದು ಕೆಲಸ ಮಾಡು. ನೆಟ್ಟಾಳನ್ನು ಒಂದು ವಾರದ ಮಟ್ಟಿಗೆ ಇಲ್ಲಿಗೆ ಕಳಿಸು. ಇಲ್ಲಿನ ದಂತ ಕಾಲೇಜಿನಲ್ಲಿ ಒಳ್ಳೆಯವರಿದ್ದಾರೆ, ನಾನೇ ಕೂಡ ಹೋಗುತ್ತೇನೆ. ಕೆಟ್ಟದ್ದನ್ನು ತುಂಬಿಸಿ, ಒಳ್ಳೆಯದನ್ನು ಉಳಿಸಿ ಕಳಿಸಿಕೊಡುತ್ತೇನೆ. ನೀರಿನ ಜಗಳ ಆಮೇಲೆ ಆಡೋಣ, ಅದಕ್ಕೆ ಜೀವಮಾನವಿಡೀ ಇದೆ. ಕಿತ್ತ ಹಲ್ಲನ್ನು ತಿರುಗಿ ನೆಡಲಾಗುವುದಿಲ್ಲ.

ರೋನಾ

———

ಆಶ್‌ಬೆಕ್
18 ಮೇ 1958

ಅಕ್ಕ,

ಉತ್ತರ ತಡವಾಯಿತು. ಕೆಲಸ, ಸಭೆ, ಕೆಲಸ. ಚಳಿಗಾಲ ಕಾಲಿಟ್ಟಿದೆ, ಪೈಪುಗಳು ಒಡೆಯಲು ಶುರುವಾಗಿವೆ.

ಹೋದ ಗುರುವಾರ ಪುರಭವನದಲ್ಲಿ ದೊಡ್ಡ ಸಭೆ ಆಯಿತು. ನಿಮ್ಮ ಆರೋಗ್ಯ ಇಲಾಖೆಯಿಂದ ಒಬ್ಬ ಹುಡುಗ ಡಾಕ್ಟರ್ ಬಂದು ಗೋಡೆ ಮೇಲೆ ಮಕ್ಕಳ ಹುಳುಕು ಬಾಯಿಯ ಚಿತ್ರ ತೋರಿಸಿದ. ಊಟ ಮಾಡಿ ಬಂದವರಿಗೆ ಅದೇನು ತೋರಿಸುವ ವಸ್ತುವೇ? ಆಮೇಲೆ ನನ್ನ ಸರದಿ. ನನಗೆ ಸಿಟ್ಟು ಬಂದರೆ ಮೇಲಿನ ಸೆಟ್ ಕಟಕಟ ಅಲ್ಲಾಡುತ್ತದೆ, ಮಾತು ಸ್ಪಷ್ಟ ಬರುವುದಿಲ್ಲ, ನಿನಗೆ ಗೊತ್ತಲ್ಲ. ಮನೆಯಲ್ಲಿ ಮಾಡುವ ಹಾಗೆ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡು ಮಾತಾಡಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಡಾಕ್ಟರ್ ಎದ್ದು ಏನು ಹೇಳಿದ ಗೊತ್ತಾ? 'ಸಾರ್, ನನ್ನ ವಾದಾನ ನನಗಿಂತ ನೀವೇ ಚೆನ್ನಾಗಿ ತೋರಿಸಿಬಿಟ್ರಿ' ಅಂದ. ಸಭೆಗೆ ಸಭೆಯೇ ನಕ್ಕಿತು. ನಗಲಿ. ಮತ ಹಾಕುವಾಗ ನೋಡೋಣ. ಮತದಾನ ಆಗಸ್ಟ್ ಹದಿನಾರಕ್ಕೆ, ಶನಿವಾರ.

ನೆಟ್ಟಾಳನ್ನು ಕಳಿಸಲು ಆಗುವುದಿಲ್ಲ. ಬಟ್ಟೆ ಅಂಗಡಿಯ ಕೆಲಸ ಬಿಡುವಂತಿಲ್ಲ, ಮದುವೆಯ ಹೊಲಿಗೆ ಬೇರೆ ಇದೆ. ಪಕ್ಕದ ಪಟ್ಟಣದ ಪ್ರಿಂಗಲ್ ಡಾಕ್ಟರ ಹತ್ತಿರ ಜುಲೈ ಹನ್ನೊಂದಕ್ಕೆ ದಿನ ಗೊತ್ತುಮಾಡಿ ಆಗಿದೆ. ಪ್ರಜ್ಞೆ ತಪ್ಪಿಸುವ ಗ್ಯಾಸ್ ಕೊಟ್ಟು ಒಂದೇ ಸಲಕ್ಕೆ ಮುಗಿಸುತ್ತಾರೆ. ಇನ್ನು ಇದರ ಬಗ್ಗೆ ನನಗೆ ಬರೆಯಬೇಡ ಅಕ್ಕ. ನಿಜವಾಗಿ ಹೇಳುತ್ತಿದ್ದೇನೆ, ನನಗೆ ಬರೆದು ಪ್ರಯೋಜನವಿಲ್ಲ.

ವಾಟಿ

———

ಆಶ್‌ಬೆಕ್
8 ಜೂನ್ 1958

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಬಂದಾಗಲೆಲ್ಲ ಅಪ್ಪ ಊಟದ ಮೇಜಿನ ಮುಂದೆ ಗಟ್ಟಿಯಾಗಿ ಓದುತ್ತಾರೆ. ತಾವು ಬರೆದ ಉತ್ತರವನ್ನೂ ಓದುತ್ತಾರೆ. ಅಂಚೆಯವನು ನಿಮ್ಮ ಅಕ್ಷರ ಕಂಡ ಕೂಡಲೇ 'ಏನಮ್ಮ, ಹಲ್ಲಿನ ವಿಚಾರ ಎಲ್ಲಿಗೆ ಬಂತು?' ಎನ್ನುತ್ತಾನೆ. ಅಂಗಡಿಗೆ ರಿಬ್ಬನ್ ಕೊಳ್ಳಲು ಬರುವವರು ನನ್ನ ಬಾಯಿ ನೋಡಿಕೊಂಡೇ ಮಾತಾಡುತ್ತಾರೆ. ಇದು ನನ್ನ ಬಾಯಿ ಎನ್ನುವುದು ಎಲ್ಲರಿಗೂ ಮರೆತುಹೋಗಿದೆ.

ಬೈಯಬೇಡಿ ಅತ್ತೆ. ನೀವು ಅಂದುಕೊಂಡ ಹಾಗೆ ನನ್ನನ್ನು ಯಾರೂ ಎಳೆದುಕೊಂಡು ಹೋಗುತ್ತಿಲ್ಲ. ನನಗೆ ಕೀಳಿಸಿಕೊಳ್ಳುವ ಭಯಕ್ಕಿಂತ ಕೊರೆಸಿಕೊಳ್ಳುವ ಭಯ ದೊಡ್ಡದು. ಒಂಬತ್ತು ವರ್ಷದವಳಿದ್ದಾಗ ಇಲ್ಲಿನ ಶಾಲೆಯ ನರ್ಸ್ ಒಂದೇ ವಾರ ಮೂರು ಹಲ್ಲು ಕೊರೆದಿದ್ದರು. ಇವತ್ತಿಗೂ ಹೊಲಿಗೆ ಯಂತ್ರ ಜೋರಾಗಿ ತುಳಿಯುವ ಸದ್ದು ಕೇಳಿದರೆ ನನ್ನ ಕೈ ತಣ್ಣಗಾಗುತ್ತದೆ. ಈಗ ಕೆಳಗಿನ ದವಡೆ ಹಲ್ಲೆರಡು ನೋಯುತ್ತಿವೆ. ಗ್ಯಾಸ್ ಕೊಟ್ಟು ಮಲಗಿಸಿ ಎಲ್ಲವನ್ನೂ ತೆಗೆದುಬಿಟ್ಟರೆ, ಎದ್ದ ಮೇಲೆ ಜೀವನಪೂರ್ತಿ ಆ ಕುರ್ಚಿಯ ಮೇಲೆ ಕೂರುವ ಹಾಗಿಲ್ಲ. ಒಮ್ಮೊಮ್ಮೆ ಅದೇ ಸರಿ ಅನಿಸುತ್ತದೆ. ಒಮ್ಮೊಮ್ಮೆ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿ ನೋಡಿ ಅಳು ಬರುತ್ತದೆ.

ಗ್ಯಾವಿನ್‌ನನ್ನು ಕೇಳಿದೆ. 'ನಿಂಗೆ ಹೇಗೆ ಬೇಕೋ ಹಾಗೆ ಮಾಡ್ಕೋ, ನನ್ನನ್ನ ಕೇಳಿದ್ದೆ ಅಂತ ನಮ್ಮಮ್ಮನ ಹತ್ರ ಮಾತ್ರ ಹೇಳ್ಬೇಡ' ಅಂದ. ಅಮ್ಮನನ್ನು ಕೇಳಿದೆ. ಅವರು ಹಿಟ್ಟು ಕಲಸುತ್ತಲೇ ಇದ್ದರು.

ನಿಮ್ಮ,
ನೆಟ್ಟಾ

———

ಡನೀಡನ್
15 ಜೂನ್ 1958

ಎಲ್ಸ್‌ಪೆತ್,

ಈ ಕಾಗದ ನಿನಗೆ, ನಿನಗೆ ಮಾತ್ರ. ಮೇಜಿನ ಮುಂದೆ ಓದಿಸಿಕೊಳ್ಳಲು ಅಲ್ಲ.

ಅವನ ಒಂದು ಕಾಗದದ ಕೊನೆಯಲ್ಲಿ 'ಎಲ್ಸ್‌ಪೆತ್ ಕ್ಷೇಮ ಕೇಳಿದಳು' ಎಂದು ಒಂದು ಸಾಲು ಇತ್ತು. ಮಾರ್ಚ್‌ನಿಂದ ನಾನು ನಿನ್ನಿಂದ ಕೇಳಿದ್ದು ಅಷ್ಟೇ. ನನ್ನ ತಮ್ಮ ಹಟಮಾರಿ, ಒಪ್ಪಿಕೊಂಡೆ, ಅವನನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಆದರೆ ನೀನು ತಾಯಿ. ಹುಡುಗಿ ಕೇಳಿದರೆ ಹಿಟ್ಟು ಕಲಸುತ್ತಾ ನಿಲ್ಲುತ್ತೀಯಂತೆ. ನಿನ್ನ ಬಾಯಲ್ಲಿ ಮಾತಿಲ್ಲವೇ? ಗಂಡ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇ ಸಂಸಾರವಾದರೆ ನಾನು ಮದುವೆಯಾಗದೇ ಇದ್ದದ್ದು ಒಳ್ಳೆಯದಾಯಿತು. ಮಗಳ ಪರವಾಗಿ ಒಂದು ಸಲ, ಒಂದೇ ಒಂದು ಸಲ, 'ಬೇಡ' ಎನ್ನಲು ನಿನಗೆ ಏನು ಕಷ್ಟ?

ರೋನಾ

———

ಆಶ್‌ಬೆಕ್
22 ಜೂನ್ 1958

ರೋನಾ ಅಕ್ಕ,

ನನಗೆ ಕಾಗದ ಬರೆಯಲು ಬರುವುದಿಲ್ಲ. ಆದರೆ ನಿಮ್ಮ ಬೈಗುಳವೆಲ್ಲ ನಾಲ್ಕು ತಿಂಗಳಿಂದ ತಪ್ಪು ವಿಳಾಸಕ್ಕೆ ಬರುತ್ತಿದೆ. ನೆಟ್ಟಾಳ ಹಲ್ಲು ಕೀಳಿಸಬೇಕೆಂದು ಹಟ ಹಿಡಿದವಳು ನಾನು. ನೀರಿನ ಗಲಾಟೆ ಇವರದು, ಹಲ್ಲಿನದು ನನ್ನದು. 'ಅಕ್ಕನಿಗೆ ನನ್ನ ಹೆಸರು ಹೇಳ್ಬೇಡಿ, ಅವರ ಜತೆ ವಾದ ಮಾಡೋ ಶಕ್ತಿ ನಂಗಿಲ್ಲ' ಅಂದಿದ್ದೆ. ಪಾಪ, ಇವರು ಎಲ್ಲವನ್ನೂ ತಮ್ಮ ತಲೆಯ ಮೇಲೆ ಹಾಕಿಕೊಂಡರು.

ನಿಮಗೆ ನನ್ನ ಅಕ್ಕ ಈನಾ ಗೊತ್ತಿಲ್ಲ. ನನ್ನ ಮದುವೆಗೆ ಎರಡು ವರ್ಷ ಮುಂಚೆ ತೀರಿಕೊಂಡಳು. ಅವಳು ತನ್ನ ಹಲ್ಲನ್ನೇ ಇಟ್ಟುಕೊಂಡು ಮದುವೆಯಾಗಿ ಬೆಟ್ಟದ ಆಚೆಯ ಕುರಿ ಫಾರಂಗೆ ಹೋದಳು. ಬಸುರಿಯಾದಾಗ ಒಂದು ಹಲ್ಲು ಕೊಳೆಯಿತು. ಡಾಕ್ಟರ ಹತ್ತಿರ ಹೋಗಲು ಒಂದು ದಿನದ ದಾರಿ, ಕುರಿಯ ಉಣ್ಣೆ ಕತ್ತರಿಸುವ ಕಾಲ, ಆಮೇಲೆ ಹೋದರಾಯಿತು ಎಂದು ಲವಂಗ ಕಚ್ಚಿಕೊಂಡು ಇದ್ದಳು. ಕೀವು ಕುತ್ತಿಗೆಗೆ ಇಳಿಯಿತು. ಅಷ್ಟು ಹೊತ್ತಿಗೆ ಹೊಳೆ ತುಂಬಿ ದಾಟುವ ಹಾಗಿರಲಿಲ್ಲ. ನಾನು ಅವಳ ಸಹಾಯಕ್ಕೆಂದು ಅಲ್ಲೇ ಇದ್ದೆ, ಹದಿನೇಳು ವರ್ಷ ನನಗೆ. ಉಸಿರಾಡಲು ಒದ್ದಾಡಿದಳು. ಒದ್ದೆ ಬಟ್ಟೆ ಬದಲಾಯಿಸುವುದು ಬಿಟ್ಟು ನನ್ನ ಕೈಲಿ ಏನೂ ಆಗಲಿಲ್ಲ. ಮಗುವೂ ಹೋಯಿತು.

ನನ್ನ ಅಪ್ಪನನ್ನು ನಾನೇ ಕೇಳಿಕೊಂಡೆ, ಮದುವೆಗೆ ಮುಂಚೆ ಎಲ್ಲ ತೆಗೆಸಿಬಿಡಿ ಎಂದು. ನಿಮ್ಮ ಕಾಗದ ಓದಿದಾಗೆಲ್ಲ ಇವರು ನಗುತ್ತಾರೆ, ನನಗೆ ಮೈ ಉರಿಯುತ್ತದೆ. ನಿಮಗೆ ಹಲ್ಲು ಉಳಿಸುವುದು ಮುಖ್ಯ. ನನಗೆ ಮಗಳು ಉಳಿಯುವುದು ಮುಖ್ಯ. ಇನ್ನು ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಎಲ್ಸ್‌ಪೆತ್

———

ಡನೀಡನ್
29 ಜೂನ್ 1958

ಎಲ್ಸ್‌ಪೆತ್,

ಒಂದು ವಾರ ಪೆನ್ನು ಹಿಡಿಯಲು ಮನಸ್ಸಾಗಲಿಲ್ಲ. ಈನಾಳ ವಿಷಯ ನನಗೆ ಗೊತ್ತಿರಲಿಲ್ಲ. ತಿಳಿಯದೆ ನಿನ್ನನ್ನು ಅಷ್ಟೆಲ್ಲ ಅಂದೆ.

ಆದರೂ ನಾನು ನಾನೇ, ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ಈನಾ ಸತ್ತದ್ದು ಹಲ್ಲು ಇಟ್ಟುಕೊಂಡಿದ್ದಕ್ಕಲ್ಲ, ಸಮಯಕ್ಕೆ ತೋರಿಸಲಾಗದೆ ಹೋದದ್ದಕ್ಕೆ. ನೆಟ್ಟಾ ರೈಲು ನಿಲ್ದಾಣದ ಪಕ್ಕದಲ್ಲಿ ಸಂಸಾರ ಹೂಡುವವಳು, ಅವಳಿಗೂ ಡಾಕ್ಟರಿಗೂ ನಡುವೆ ಯಾವ ಹೊಳೆಯೂ ಇಲ್ಲ. ಇದನ್ನು ವಾದಕ್ಕೆ ಹೇಳುತ್ತಿಲ್ಲ. ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ, ಅಷ್ಟೇ.

ಒಂದು ಕೇಳುತ್ತೇನೆ, ಆಮೇಲೆ ಈ ವಿಷಯ ಎತ್ತುವುದಿಲ್ಲ. ಈನಾಳ ಕಥೆಯನ್ನು ನೆಟ್ಟಾಳಿಗೆ ಹೇಳಿದ್ದೀಯಾ? ಹಲ್ಲು ತೆಗೆಸಿದ ಮೇಲಿನ ನಿನ್ನ ಇಪ್ಪತ್ಮೂರು ವರ್ಷದ ಕಥೆಯನ್ನು? ನನ್ನ ಬಾಯಲ್ಲಿ ಇರುವುದು ನನ್ನದೇ ಹಲ್ಲು. ಆ ಸೆಟ್‌ಗಳ ಬಗ್ಗೆ ನನಗೆ ತಿಳಿದಿರುವುದೆಲ್ಲ ಪುಸ್ತಕದ್ದು. ಬದುಕಿದವಳು ನೀನು. ಎರಡನ್ನೂ ಅವಳಿಗೆ ಹೇಳು, ಮುಚ್ಚುಮರೆಯಿಲ್ಲದೆ. ಆಮೇಲೂ ಅವಳು ಕೀಳಿಸಿಕೊಳ್ಳುತ್ತೇನೆ ಎಂದರೆ ನಾನೇ ಬಂದು ಅವಳ ಕೈ ಹಿಡಿದುಕೊಂಡು ಕೂರುತ್ತೇನೆ.

ನಿನ್ನ,
ರೋನಾ

———

ಆಶ್‌ಬೆಕ್
13 ಜುಲೈ 1958

ರೋನಾ ಅಕ್ಕ,

ನಿಮ್ಮ ಕಾಗದ ಏಪ್ರನ್ನಿನ ಜೇಬಿನಲ್ಲಿ ಹತ್ತು ದಿನ ಇಟ್ಟುಕೊಂಡು ತಿರುಗಿದೆ. ಹೇಳಬೇಕು ಹೇಳಬೇಕು ಎಂದುಕೊಳ್ಳುವುದು, ನೆಟ್ಟಾ ಎದುರಿಗೆ ಬಂದ ಕೂಡಲೇ ಬೇರೆ ಮಾತು ತೆಗೆಯುವುದು. ಹೀಗೇ ಶುಕ್ರವಾರ ಬಂದುಬಿಟ್ಟಿತು.

ಇವರು ವ್ಯಾನಿನಲ್ಲಿ ನಮ್ಮಿಬ್ಬರನ್ನೂ ಪ್ರಿಂಗಲ್ ಡಾಕ್ಟರ ಬಾಗಿಲಲ್ಲಿ ಇಳಿಸಿ, ಪೈಪು ಕೊಳ್ಳಲು ಹೋದರು. ನಾವು ಕೋಣೆಯಲ್ಲಿ ಕಾಯುತ್ತಾ ಕೂತೆವು. ಒಳಗೆ ತಟ್ಟೆಯಲ್ಲಿ ಇಕ್ಕಳ ಜೋಡಿಸುವ ಸದ್ದು ಕೇಳಿಸುತ್ತಿತ್ತು. ನೆಟ್ಟಾ ನನ್ನ ಕೈ ಹಿಡಿದುಕೊಂಡಳು.

'ಅಮ್ಮ, ನೋವಾಗತ್ತಾ?'

'ಗ್ಯಾಸ್ ಕೊಡ್ತಾರೆ ಮಗಳೇ, ಏನೂ ಗೊತ್ತಾಗಲ್ಲ.'

'ಆಮೇಲೆ?'

'ಆಮೇಲೆ ಅಂದ್ರೆ?'

'ಆಮೇಲೆ ಹೇಗಿರತ್ತೆ? ಅಪ್ಪಂದು ಊರಿಗೇ ಗೊತ್ತು. ನಿಂದು ನಾನು ಒಂದ್ಸಲಾನೂ ನೋಡಿಲ್ಲ.'

ಅಕ್ಕ, ಅವಳೊಬ್ಬಳೇ ಅಲ್ಲ, ನಿಮ್ಮ ತಮ್ಮನೂ ನೋಡಿಲ್ಲ. ಮದುವೆಯ ದಿನದಿಂದ ಇವತ್ತಿನವರೆಗೆ ನಾನು ಹಲ್ಲು ಹಾಕಿಕೊಂಡೇ ಮಲಗುತ್ತೇನೆ. ಇವರು ಏಳುವುದಕ್ಕೆ ಮುಂಚೆ ಎದ್ದು, ಹಿತ್ತಲ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ತೊಳೆಯುತ್ತೇನೆ. ಒಸಡಲ್ಲಿ ಹುಣ್ಣಾದಾಗಲೂ ತೆಗೆಯುವುದಿಲ್ಲ.

ನಾನು ಎದ್ದು ಅವಳನ್ನು ಡಾಕ್ಟರ ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಮೇಲಿನದು ತೆಗೆದೆ, ಕೆಳಗಿನದು ತೆಗೆದೆ, ಕರ್ಚೀಫಿನಲ್ಲಿ ಇಟ್ಟುಕೊಂಡು ಅವಳ ಕಡೆ ತಿರುಗಿದೆ. ಅಲ್ಲಿ ಕನ್ನಡಿ ಇತ್ತು, ನಾನು ನೋಡಲಿಲ್ಲ. ನನಗೆ ಗೊತ್ತಿದೆ ನಾನು ಹೇಗೆ ಕಾಣುತ್ತೇನೆಂದು. ನಲವತ್ತೆರಡು ವರ್ಷಕ್ಕೆ ನನ್ನ ಅಜ್ಜಿಯ ಹಾಗೆ ಕಾಣುತ್ತೇನೆ. ನೆಟ್ಟಾ ಹತ್ತಿರ ಬಂದು ಒಳಕ್ಕೆ ಹೋದ ನನ್ನ ಕೆನ್ನೆಯನ್ನು ಮುಟ್ಟಿದಳು.

ಆ ಬೊಚ್ಚು ಬಾಯಲ್ಲೇ ಎಲ್ಲವನ್ನೂ ಹೇಳಿದೆ. ಈನಾಳದ್ದೂ ಹೇಳಿದೆ, ನನ್ನದೂ ಹೇಳಿದೆ. ದವಡೆ ಸವೆದು ಸವೆದು ಮೂರು ಸಲ ಹೊಸ ಸೆಟ್ ಮಾಡಿಸಿದ್ದು. ಸೇಬನ್ನು ತುರಿದು ತಿನ್ನುವುದು, ಶುಂಠಿ ಬಿಸ್ಕತ್ತನ್ನು ಚಹಾದಲ್ಲಿ ನೆನೆಸದೆ ತಿಂದು ಇಪ್ಪತ್ಮೂರು ವರ್ಷವಾಯಿತು ಎನ್ನುವುದು. ಮದುವೆಯ ಮಾರನೆಯ ದಿನ ಗಂಡ ಎಬ್ಬಿಸಲು ಬಂದರೆ ಮುಖಕ್ಕೆ ಹೊದಿಕೆ ಎಳೆದುಕೊಂಡದ್ದು. ಮಾತು ಅರ್ಧ ಗಾಳಿಗೆ ಹೋಗುತ್ತಿತ್ತು, ಅವಳಿಗೆ ಎಲ್ಲ ಅರ್ಥವಾಯಿತು. ಇಬ್ಬರೂ ಅತ್ತೆವು. ಹೊರಗಿನಿಂದ ಡಾಕ್ಟರ ಸಹಾಯಕಿ ಬಾಗಿಲು ಬಡಿದು, 'ತಯಾರಾಗಿದೆ, ಬರ್ತೀರಾ?' ಎಂದು ಕರೆದಳು.

'ನಿಂಗೆ ಹೇಗೆ ಬೇಕೋ ಹಾಗೆ' ಅಂದೆ. ನೆಟ್ಟಾ ಮೂಗು ಒರೆಸಿಕೊಂಡು ಹೊರಗೆ ಹೋಗಿ ಪ್ರಿಂಗಲ್ ಡಾಕ್ಟರಿಗೆ ಹೇಳಿದಳು: 'ನೋಯ್ತಿರೋದು ಎರಡು. ಅವೆರಡನ್ನೇ ನೋಡಿ. ಉಳಿದಿದ್ದು ನಂದು.' ಅರ್ಧ ದಿನ ನಮಗಾಗಿ ಬಿಟ್ಟಿದ್ದೆ ಎಂದು ಆತ ಬಾಯಿಗೆ ಬಂದ ಹಾಗೆ ಕೂಗಾಡಿದ. ಒಂದು ಕೀಳಿಸಿದ್ದಾಯಿತು, ಅದು ಉಳಿಯುವ ಹಾಗಿರಲಿಲ್ಲ. ಇನ್ನೊಂದನ್ನು ಕೊರೆದು ತುಂಬಬೇಕು. ಅದಕ್ಕೆ ನಿಮ್ಮ ಹತ್ತಿರ ಬರುತ್ತಾಳಂತೆ. ಕೈ ಹಿಡಿದುಕೊಳ್ಳುತ್ತೇನೆಂದು ಬರೆದಿದ್ದೀರಲ್ಲ, ಹಿಡಿದುಕೊಳ್ಳಿ. ತುಂಬಾ ಹೆದರುತ್ತಾಳೆ.

ಇವರು ವ್ಯಾನ್ ತಂದು, 'ಮುಗೀತಾ?' ಅಂದರು. ನೆಟ್ಟಾ ಊದಿದ ಕೆನ್ನೆಯಲ್ಲೇ ಹಲ್ಲು ತೋರಿಸಿದಳು. 'ಇದೇನೇ ಇದು! ಇನ್ನೂ ಅಲ್ಲೇ ಇವೆ!' ಎಂದು ಕಿರುಚಿಕೊಂಡರು. ದಾರಿಯುದ್ದಕ್ಕೂ ಒಂದೇ ಗೊಣಗಾಟ. 'ಈ ಮನೇಲಿ ನಾನು ಹೇಳಿದ ಕಡೆ ಬಗ್ಗೋದು ಪೈಪ್ ಒಂದೇ' ಅಂತ. ಯಾಕೆ ಹೀಗಾಯಿತೆಂದು ನಾನಾಗಿ ಹೇಳಲಿಲ್ಲ. ಇವರೂ ಕೇಳಲಿಲ್ಲ.

ಎಲ್ಸ್‌ಪೆತ್

———

ಆಶ್‌ಬೆಕ್
24 ಆಗಸ್ಟ್ 1958

ಅಕ್ಕ,

ಗೆದ್ದೆವು. ನಿನಗೆ ಪೇಪರಿನಲ್ಲಿ ಗೊತ್ತಾಗಿರುತ್ತದೆ, ಅದಕ್ಕೇ ಒಂದು ವಾರದಿಂದ ನಿನ್ನ ಸದ್ದಿಲ್ಲ. ಅಂತರ ದೊಡ್ಡದಲ್ಲ, ಆದರೂ ಗೆಲುವು ಗೆಲುವೇ. ಆಶ್‌ಬೆಕ್‌ನ ನೀರು ಇದ್ದ ಹಾಗೇ ಇರುತ್ತದೆ. ಅದರಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಕೇಳದೆ ಯಾರ ಲೋಟಕ್ಕೂ ಏನನ್ನೂ ಹಾಕಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆಯುವುದನ್ನು ಓದಿ ನೀನು ಹಾರಾಡಬಾರದು.

ಮತದಾನದ ಶನಿವಾರ ಎಣಿಕೆ ಮುಗಿಸಿ, ಸಮಿತಿಯವರ ಜತೆ ಒಂದು ಲೋಟ ಬಿಯರ್ ಕುಡಿದು ಮನೆಗೆ ಬಂದೆ. ನೆಟ್ಟಾ ಟಲ್ಲಕ್ ಮನೆಗೆ ಹೋಗಿದ್ದಳು. ಎಲ್ಸ್‌ಪೆತ್ ಕುರಿಮಾಂಸ ಬೇಯಿಸಿ ಇಟ್ಟಿದ್ದಳು. ಬಡಿಸಿ, ಎದುರಿಗೆ ಕೂತಳು.

'ಗೆದ್ರಾ?' ಅಂದಳು.

'ಗೆದ್ದೆ' ಅಂದೆ.

ಆಗ ಅವಳು ಎರಡು ಕೈಯನ್ನೂ ಬಾಯಿಗೆ ತಂದು ಹಲ್ಲಿನ ಸೆಟ್ ತೆಗೆದು ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟಳು.

'ನೋಡಿ. ನೀವು ಗೆದ್ದಿದ್ದು ಇದು. ಊರಿನ ಮಕ್ಕಳಿಗೆಲ್ಲ ಒಂದೊಂದು ಕೊಡಿ.'

ನನ್ನ ಕೈಲಿದ್ದ ಫೋರ್ಕ್ ಕೈಲೇ ಉಳಿಯಿತು. ನಾನು ನನ್ನದನ್ನು ಸಭೆ ಎದುರಿಗೇ ತೆಗೆದು ಜೇಬಿಗೆ ಹಾಕಿಕೊಂಡವನು. ಅವಳದ್ದು ಇಷ್ಟು ವರ್ಷ ನೋಡಿರಲಿಲ್ಲ ಎನ್ನುವುದೇ ನನಗೆ ಹೊಳೆದಿರಲಿಲ್ಲ. ಆ ಕೆಳಗಿನ ಸೆಟ್‌ನ ಒಳಗಡೆ ಒಂದು ಕಡೆ ಸವೆದು ಚೂಪಾಗಿತ್ತು. ಅವಳ ಒಸಡಿನಲ್ಲಿ ಅದೇ ಜಾಗದಲ್ಲಿ ಕೆಂಪಗೆ ಹುಣ್ಣು. ಎಷ್ಟು ದಿನದಿಂದ ಎಂದು ಕೇಳಿದೆ. 'ಈ ಸಲದ್ದು ಈಸ್ಟರ್‌ನಿಂದ' ಅಂದಳು. ಈಸ್ಟರ್ ಅಂದರೆ ಏಪ್ರಿಲ್, ಅಕ್ಕ. ನಾನು ಸಮಿತಿಗೆ ಭಾಷಣ ಬರೆಯುತ್ತಿದ್ದಾಗ ಅವಳು ಎದುರಿಗೆ ಕೂತು ಊಟ ಮಾಡುತ್ತಿದ್ದಳು.

'ಮೊದ್ಲೇ ಯಾಕೆ ಹೇಳ್ಲಿಲ್ಲ?' ಎಂದು ಕೂಗಿದೆ. ಸಿಟ್ಟು ಯಾರ ಮೇಲೋ ಗೊತ್ತಿಲ್ಲ. 'ನೀವು ಕೇಳಿದ್ರಲ್ವಾ ಹೇಳೋದು' ಅಂದಳು. ಅವಳಿಗೂ ಸಿಟ್ಟು ಬಂದಿತ್ತು. ನಾನು ಎದ್ದು ಶೆಡ್ಡಿಗೆ ಹೋಗಿ ಸಣ್ಣ ಅರ ತಂದು, ಆ ಚೂಪಾದ ಜಾಗವನ್ನು ಉಜ್ಜಿ ನುಣುಪು ಮಾಡಿದೆ. ಹಿತ್ತಾಳೆ ನಲ್ಲಿಯ ಬಾಯಿ ಉಜ್ಜಿದವನಿಗೆ ಅದೇನು ದೊಡ್ಡ ಕೆಲಸವಲ್ಲ. ಇಪ್ಪತ್ಮೂರು ವರ್ಷದಲ್ಲಿ ಎಂದು ಬೇಕಾದರೂ ಮಾಡಿಕೊಡಬಹುದಾಗಿತ್ತು. ಕುರಿಮಾಂಸ ಆರಿ ತಣ್ಣಗಾಯಿತು.

ತೊಳೆದು ತಂದುಕೊಟ್ಟೆ. ಅವಳು ಹಾಕಿಕೊಳ್ಳಲಿಲ್ಲ, ಕೈಲೇ ಇಟ್ಟುಕೊಂಡು ಕೂತಳು. ಸುಮ್ಮನಿರಲಾರದೆ, 'ನೀನು ಯಾವುದಕ್ಕೆ ವೋಟ್ ಹಾಕಿದೆ?' ಎಂದು ಕೇಳಿದೆ.

'ಬೇಕು ಅನ್ನೋದಕ್ಕೆ.'

'ಅಂದ್ರೆ ನನ್ನ ವೋಟು ನಿನ್ನ ವೋಟು ಹೊಡೆದುಹೋಯ್ತು! ಆ ಚಳಿಯಲ್ಲಿ ಇಬ್ರೂ ಸಾಲಲ್ಲಿ ನಿಂತಿದ್ದು ಯಾಕೆ? ಮನೇಲಿ ಬೆಂಕಿ ಮುಂದೆ ಕೂತಿದ್ರೆ ಆಗ್ತಿರ್ಲಿಲ್ವಾ ಮಾರಾಯ್ತಿ?'

ಅವಳು ನಕ್ಕುಬಿಟ್ಟಳು. ಅಕ್ಕ, ನಗುವಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ, ಮೊದಲಿನಿಂದಲೂ ಹಾಗೇ. ನಾಚಿಕೆಯ ಸ್ವಭಾವ, ಅದೇ ಚೆಂದ ಎಂದುಕೊಂಡಿದ್ದೆ. ಅವತ್ತು ಕೈಯಲ್ಲಿ ಹಲ್ಲು ಇತ್ತು, ಅಡ್ಡ ಇಡಲು ಆಗಲಿಲ್ಲ. ಹಾಗೇ ಬಾಯಿ ತೆರೆದು, ಜೋರಾಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನನ್ನ ಹೆಂಡತಿ ನಗುವುದನ್ನು ನಾನು ನೋಡಿದ್ದು ಅವತ್ತೇ.

ನಿನ್ನ ತಮ್ಮ,
ವಾಟಿ